ಒಳಗಿನ ಕಂಸ ಮೊದಲು

ಲಿಗೋರಿ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಹೇಳುತ್ತಿದ್ದರು,
ಒಳಗಿನ ಕಂಸ ಮೊದಲು ಬಿಡಿಸು, ಹೊರಗಿನದು ಆಮೇಲೆ.
ಹಿಂದಿನ ಬೆಂಚಿನ ನಮಗೆ ಗೊತ್ತಿದ್ದದ್ದು
ಕೃಷ್ಣನ ಮಾವ ಒಬ್ಬನೇ. ನಗುತ್ತಿದ್ದೆವು.

ಈಗ ಸೊಹಾರಿನಲ್ಲಿ, ಸಮುದ್ರದ ಉಪ್ಪು ತೆಗೆಯುವ ಸ್ಥಾವರದ ರಾತ್ರಿಪಾಳಿಯಲ್ಲಿ
ನನ್ನ ಪರದೆ ತುಂಬ ಕಂಸಗಳು.
ಒಂದರ ಹೊಟ್ಟೆಯೊಳಗೊಂದು, ಅದರ ಹೊಟ್ಟೆಯೊಳಗೆ ಮತ್ತೊಂದು,
ತೀರಾ ಒಳಗೆ, ಬೀಜದ ಹಾಗೆ, ಒಂದು ಸಂಖ್ಯೆ:
ನಾಲ್ಕನೇ ಪಂಪು ತಡೆಯಬಲ್ಲ ಒತ್ತಡ.

ಇದೆಲ್ಲ ಯಾಕೆ, ಎಂದು ಖಲ್ಫಾನ್ ಕೇಳಿದ.
ಪಾಳಿಯ ಮುಖ್ಯಸ್ಥ. ಪ್ರಶ್ನೆಗೆ ಮುಂಚೆ ಖರ್ಜೂರದ ತಟ್ಟೆ ಮುಂದೆ ತಳ್ಳುವವನು.
ಆ ಡಬ್ಬಿಯಲ್ಲಿ ಜಾಗವಿಲ್ಲ, ಅಂದೆ.
ಇನ್ನೂರೈವತ್ತಾರು ಕಿಲೋಬೈಟು, ನಿನ್ನ ಮಗಳ ಒಂದು ಫೋಟೋ ಹಿಡಿಸದು.
ಒಂದು ನಿಯಮ ಬದಲಿಸಲು ಕಂಪನಿಗೆ ಪತ್ರ, ಆರು ವಾರ.
ಸಮುದ್ರ ಆರು ವಾರ ಕಾಯುತ್ತದೆಯೇ?

ಹಾಗಾಗಿ ಒಂದು ಪುಟ್ಟ ಲಿಸ್ಪು.
ಬರೆದದ್ದೆಲ್ಲ ಸಿ ಆಗಿ ಹೊರಬರುತ್ತದೆ:
ಸಾಲು ಸಾಲಿಗೂ ಅರ್ಧವಿರಾಮ, ಹೆಸರಿನ ಬದಲು ನಂಬರು,
ಟಿ ನಾನೂರ ಹದಿನೇಳು, ಟಿ ನಾನೂರ ಹದಿನೆಂಟು.
ಓದಲು ಚಂದವಿಲ್ಲ. ಓದುವವರೂ ಇಲ್ಲ.

ಇನ್ನೊಬ್ಬರ ಪ್ರೋಗ್ರಾಮಿನೊಳಗೆ ಇರಬೇಕಾದ ಭಾಷೆಗೆ
ಬಾಡಿಗೆದಾರನ ಶಿಸ್ತು ಬೇಕು.
ಮುಖ್ಯ ಬಾಗಿಲ ಕೀಲಿ ಕೇಳಬಾರದು.
ಕರೆದಾಗ ಬರಬೇಕು, ಉತ್ತರ ಕೊಟ್ಟು ಸರಿಯಬೇಕು,
ಬಿದ್ದರೆ ಮನೆಯನ್ನೂ ಎಳೆದುಕೊಂಡು ಬೀಳಬಾರದು.
ನನಗಿದನ್ನು ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.
ಹನ್ನೊಂದು ವರ್ಷ, ಐದು ಮಂದಿಯ ಕೋಣೆ, ಮೇಲಿನ ಮಂಚ.

ಮೂರು ವಾರ ಚೆನ್ನಾಗಿ ನಡೆಯಿತು.
ಆಮೇಲೆ ಒಂದು ಪಟ್ಟಿ ಮಾಯ.

ನಾನು ಬರೆದ ಕಸಗುಡಿಸುವವ ಬೇರುಗಳಿಂದ ಹೊರಟು
ತಲುಪಿದ್ದಕ್ಕೆಲ್ಲ ಸುಣ್ಣದ ಬೊಟ್ಟಿಟ್ಟು
ಬೊಟ್ಟಿಲ್ಲದ್ದನ್ನು ಬಳಿದೆಸೆಯುತ್ತಾನೆ.
ನ್ಯಾಯವಾಗಿಯೇ ಗುಡಿಸಿದ್ದ.
ಆದರೂ ಬದುಕಿದ್ದನ್ನೇ ಎಸೆದಿದ್ದ.
ಎರಡು ರಾತ್ರಿ ಹುಡುಕಿದೆ. ಹೊರಗೆ ಗರ್ಬಿ ಗಾಳಿ,
ಕಿಟಕಿಯ ಸಂದಿನಿಂದ ಮರಳು ಕೀಲಿಮಣೆಗೆ.

ಬೆಳಿಗ್ಗೆ ಕ್ಯಾಂಪಿನ ಮೆಸ್ಸಿನಲ್ಲಿ ಗಲಾಟೆ.
ನೇಪಾಳದ ತೇಕ್ ಬಹಾದೂರನ ಹೆಸರು ಪಟ್ಟಿಯಲ್ಲಿಲ್ಲ,
ಗುತ್ತಿಗೆ ಬದಲಾದಾಗ ಯಾರೋ ಬರೆಯಲು ಮರೆತರು.
ಕಾಗದದಲ್ಲಿಲ್ಲ, ಊಟವಿಲ್ಲ ಎಂದ ಗುಮಾಸ್ತ.
ಅಡುಗೆಯ ಹಮ್ಮಬ್ಬಾಕ ಸೌಟು ಕೆಳಗಿಡಲಿಲ್ಲ:
"ತಟ್ಟೆ ಹಿಡಿದು ನಿಂತಿದ್ದಾನಲ್ಲ ಮಾರಾಯ,
ಅಂದರೆ ಇದ್ದಾನೆ."

ನಾನು ಚಾ ಅರ್ಧಕ್ಕೇ ಬಿಟ್ಟು ಓಡಿದೆ.

ಕೈ! ಸಿ ಕೈಯಲ್ಲಿ ಹಿಡಿದುಕೊಂಡಿತ್ತು ಆ ಪಟ್ಟಿಯನ್ನು,
ಇನ್ನೂ ಎಲ್ಲೂ ಬರೆದಿಡದೆ, ಒಂದು ಕ್ಷಣ,
ಆ ಕ್ಷಣಕ್ಕೇ ಪೊರಕೆ ಬಂದಿತ್ತು.
ಸಂಜೆಯೊಳಗೆ ಹೊಸ ಸಾಲು ಸೇರಿಸಿದೆ:
ಕೈಯಲ್ಲಿರುವುದನ್ನೂ ನೋಡು. ವಿಳಾಸದ ಹಾಗೆ ಕಂಡದ್ದನ್ನೆಲ್ಲ ವಿಳಾಸವೆಂದೇ ನಂಬು.
ಸಂಶಯ ಬಂದರೆ ಇಟ್ಟುಕೋ.
ಒಂದಿಷ್ಟು ಕಸವೂ ಉಳಿಯುತ್ತದೆ. ಉಳಿಯಲಿ.
(ತೇಕ್ ಬಹಾದೂರನ ಹೆಸರು ಸೇರಲು ಮಾತ್ರ
ಹದಿನೇಳು ದಿನ ಹಿಡಿಯಿತು.)

ಫೆಬ್ರವರಿಯಲ್ಲಿ ಸಮುದ್ರ ಕೆಂಪಾಯಿತು.
ಪಾಚಿಯ ನಾತ, ದಡದಲ್ಲಿ ಹೊಟ್ಟೆ ಮೇಲಾದ ಮೀನು,
ಒಳನೀರಿನ ಜಾಲರಿಗಳು ಕಟ್ಟತೊಡಗಿದವು.
ನಾನು ಜ್ವರದಲ್ಲಿ ಮಲಗಿದ್ದೆ, ಫೋನು ಕಿವಿಯಲ್ಲಿ.
ಖಲ್ಫಾನ್ ತಾನೇ ಕುಳಿತು ನಿಯಮ ಬರೆದ, ಎರಡೇ ಬೆರಳಲ್ಲಿ.
ಯಂತ್ರ ಒಪ್ಪಲಿಲ್ಲ.
ಏನು ಒತ್ತಿದೆ ಎಂದರೆ, ಕಂಸ ತೆರೆದೆ ಅನ್ನುತ್ತಾನೆ.
ಯಾವ ಕಡೆ ಬಾಗಿದೆ ಅದರ ಬೆನ್ನು?
ಬಲಕ್ಕೆ.
ಹೌದಲ್ಲ, ಅವನ ಬರಹದಲ್ಲಿ ಮನೆಯ ಬಾಗಿಲು ಬಲಗಡೆ;
ನಾನು ಮುಚ್ಚಿದೆ ಅಂದುಕೊಂಡದ್ದು
ಅವನಿಗೆ ಬಾಗಿಲು ತೆರೆದ ಗುರುತು.

ಇಬ್ಬರೂ ನಕ್ಕೆವು. ನನಗೆ ಕೆಮ್ಮು ಬಂತು.
ಎಡದಿಂದ ಶುರುಮಾಡು, ಅಂದೆ, ಒಳಗಿನದನ್ನು ಮೊದಲು ಮುಚ್ಚು.
ಆತ ಅರಬಿಯಲ್ಲಿ ಗಟ್ಟಿಯಾಗಿ ಎಣಿಸಿದ: ವಾಹಿದ್, ಇತ್ನೇನ್, ತಲಾತ.
ಮೂರನೆಯದರ ಆಮೇಲೆ
ಫೋನಿನಾಚೆ ಪಂಪಿನ ಸದ್ದು
ಒಂದು ಮೆಟ್ಟಿಲು ಇಳಿದದ್ದು ಕೇಳಿಸಿತು.