ಮೂರಡಿ ಸಂದು

ಶಹಾಬಾದಿನ ಈಚೆ ಕಾಗಿಣಾ ದಾಟುವ ಹಳೇ ಸೇತುವೆ
ನಮ್ಮಪ್ಪನ ವಾರಗೆಯದು.
ಎದುರುಬದುರು ಎರಡು ಲಾರಿ ಬಂದರೆ
ಹಾಯುವ ತನಕ ಉಸಿರು ಹಿಡಿಯಬೇಕಿತ್ತು.
ಅದರ ಮಗ್ಗುಲಿಗೇ ಹೊಸದನ್ನು ಎಬ್ಬಿಸಿದೆವು,
ಕಂಬಕ್ಕೆ ಕಂಬ, ತೊಲೆಗೆ ತೊಲೆ,
ನಡುವೆ ಮಾತ್ರ ಮೂರಡಿ ಬಿಟ್ಟು.

ಬಿಟ್ಟಿದ್ದೇ ದೊಡ್ಡ ಗುನ್ಹೆ.
‘ಲೆಕ್ಕ ತಪ್ಪ್ಯಾದ ಇವರದು’ ಎಂದಿತು ಚಹಾದಂಗಡಿ.
‘ಕಬ್ಬಿಣ ತಿಂದಾರ’ ಎಂದಿತು ಚಿತ್ತಾಪುರದ ಬಸ್ಸು.
ಸಾಲಿಗೆ ಹೊರಟ ಒಬ್ಬ ಹುಡುಗಿಯ ಎಡಗಾಲ ಚಪ್ಪಲಿ
ಸರಳುಗಳ ನಡುವೆ ಜಾರಿ ಹೊಳೆ ಸೇರಿತು.
ಬಲಗಾಲಿನದನ್ನು ನನ್ನ ಮುಂದೆ ಹಿಡಿದು
‘ಇದನ್ನೇನು ಮಾಡ್ಲಿ?’ ಅಂದಳು.
ನನ್ನಲ್ಲಿ ಉತ್ತರವಿರಲಿಲ್ಲ. ಡ್ರಾಯಿಂಗ್ ಇತ್ತು.

ಉತ್ತರವಿದ್ದದ್ದು ಮೇಸ್ತ್ರಿ ಲಾಡ್ಲೇಸಾಬರ ಹತ್ತಿರ:
‘ಹಳೇದು ಸೊರಗೋದೆಲ್ಲ ಸೊರಗಿ
ಎಂದೋ ತಣ್ಣಗಾಗ್ಯಾದ, ಮೇಡಂ.
ಇದು ನಿನ್ನೆಯದು. ಇನ್ನ ಮೈಯಾಗ ನೀರದ.
ಈಗೇ ಹಿಡಿಸಿ ಕಟ್ಟಿದ್ರ
ಇದು ಕುಗ್ಗೋದು ಬಿಡಂಗಿಲ್ಲ, ಅದು ಹಿಡಿದದ್ದು ಬಿಡಂಗಿಲ್ಲ.
ಹರಿಯೋದು ನಡುವ.’
ಇಷ್ಟು ತಿಳಿಯಲು ನಾನು
ಎರಡು ಕೋಡ್ ಪುಸ್ತಕ ತಿರುವಿದ್ದೆ.

ಹಳೆಯ ಅಂಚನ್ನು ಉಳಿಯಿಂದ ಕೆತ್ತಿಸಿದೆ.
‘ಚಂದ ಇದ್ದದ್ದು ಯಾಕ ಕೆಡಸ್ತೀರಿ?’ ಭೀಮಬಾಯಿ ಕೇಳಿದಳು.
ನುಣುಪಿಗೆ ನುಣುಪು ಅಂಟುವುದಿಲ್ಲ, ಅಂದೆ.
ಅವಳು ಸೆರಗು ಮೂಗಿಗೆ ಕಟ್ಟಿ ಹೊಡೆದಳು,
ಒಳಗಿನ ಕಂಕರು ಹಲ್ಲು ತೋರಿಸುವ ತನಕ.
ತೂತು ಕೊರೆದು, ಧೂಳು ಊದಿ, ಅಂಟು ತುಂಬಿ
ಸರಳನ್ನು ತಿರುವುತ್ತ ತಿರುವುತ್ತ ಇಳಿಸಿದೆವು.
ಮರುದಿನ ಹಣಮಯ್ಯ ಒಂದಕ್ಕೆ ಜೋತುಬಿದ್ದು ಎಳೆದ.
ಸರಳು ಬರಲಿಲ್ಲ. ಸೊಂಟ ಹಿಡಿಯಿತು.

ತೊಗರಿ ಹೂವಾಗಿದ್ದಾಗ ಬಿಟ್ಟ ಸಂದು
ತೊಗರಿಕಟ್ಟಿಗೆ ಮನೆಮುಂದೆ ಒಟ್ಟಿದಾಗಲೂ ಹಾಗೇ.
ದಿನಾ ಬೆಳಗ್ಗೆ ಲೆವೆಲ್ ಹಿಡಿದು ನೋಡುತ್ತಿದ್ದೆ:
ಹೊಸದು ಒಂದು ಗೆರೆ ಇಳಿದಿದೆ. ಅರ್ಧ ಗೆರೆ. ಕೂದಲೆಳೆ.
ಒಂದು ಸೋಮವಾರ, ಏನೂ ಇಲ್ಲ.
ಮಂಗಳವಾರವೂ.

ಹನ್ನೊಂದಕ್ಕೆ ಎರಡೂ ದಂಡೆಯಲ್ಲಿ ಗಾಡಿ ನಿಲ್ಲಿಸಿದೆವು.
ಹಸಿಯದು ಬಲಿಯುವ ತನಕ ಹಳೇದು ಅಲುಗಬಾರದು.
ಸಿಮೆಂಟಿನವರು, ಪರಸಿ ಕಲ್ಲಿನವರು, ಬೇಳೆ ಮಿಲ್ಲಿನವರು
ಉರ್ದುವಿನಲ್ಲಿ ಬೈದರು, ತೆಲುಗಿನಲ್ಲಿ ಬೈದರು,
ನಮ್ಮ ಮಾತಿನಲ್ಲಿ ಹೊಟ್ಟೆ ತುಂಬ ಬೈದು
ಬೀಡಿ ಹಚ್ಚಿ ಮಲಗಿದರು.
ಎಂಟು ತಿಂಗಳಲ್ಲಿ ಅಂದೇ ನನಗೆ
ಹೊಳೆಗೆ ಸದ್ದಿದೆಯೆಂದು ಗೊತ್ತಾದದ್ದು.

ಮೂರು ಗಂಟೆಗೆ ಕುರಿ ಬಂದವು.
ಪೊಲೀಸನ ಕಾಲಸಂದಿಯಲ್ಲಿ, ಬ್ಯಾರಿಕೇಡಿನ ಬುಡದಲ್ಲಿ,
ಮುನ್ನೂರೋ, ಹೆಚ್ಚೋ. ಎದೆ ಧಸಕ್ಕೆಂದಿತು.
ಮುನ್ನೂರು ಗುಣಿಸು ಮೂವತ್ತು ಕಿಲೋ, ಭಾಗಿಸು…
‘ಬಿಡ್ರಿ ಮೇಡಂ’ ಲಾಡ್ಲೇಸಾಬ್ ನಕ್ಕರು,
‘ಇವುಕ ಕವಾಯತು ಗೊತ್ತಿಲ್ಲ.
ಒಂದರ ಹೆಜ್ಜಿ ಒಂದಕ್ಕ ಕೂಡಂಗಿಲ್ಲ, ಸೇತುವಿ ನಡಗಂಗಿಲ್ಲ.’
ಹೌದು, ತಗಡಿನ ಮೇಲೆ ಕಾಳು ಸುರಿದಂತೆ
ಅಷ್ಟೂ ಹಾದುಹೋದವು.
ಒಂದು ಮರಿ ಮಾತ್ರ ಬೆಳಕಿಗೆ ಬೆದರಿ
ಹಸಿಯದಕ್ಕೆ ಮುಂಗಾಲಿಟ್ಟು, ಕಿತ್ತುಕೊಂಡು, ಒದರಿತು.

ಮಾಳಪ್ಪ ಕೋಲು ಕಂಕುಳಿಗೆ ಸಿಕ್ಕಿಸಿ
‘ದಂಡ ಎಷ್ಟ್ರಿ?’ ಎಂದ.
ಲಾಡ್ಲೇಸಾಬರು ಮೊದಲು ಮರಿಯ ಕಾಲು ತೊಳೆದರು,
ಸಿಮೆಂಟು ಚರ್ಮ ತಿಂತದ ಎನ್ನುತ್ತ.
ಆಮೇಲೆ ಕರಣೆ ಎತ್ತಿದರು. ಗುರುತಿನ ಮೇಲೆ ಅದು ಹಾಗೇ ನಿಂತಿತು.
ನನ್ನ ಮುಖ ನೋಡಿದರು.
ನಾನು ಹೊಳೆಯ ಕಡೆ ನೋಡಿದೆ.

ಈಗ ಮೇಲೆ ಡಾಂಬರು.
ಬಸ್ಸಿನಲ್ಲಿ ನಿದ್ದೆ ಹೋದವರಿಗೆ ಎಲ್ಲಿ ಹಳೇದು ಮುಗಿಯಿತು
ತಿಳಿಯುವುದಿಲ್ಲ. ತಿಳಿಯದಿರಲೆಂದೇ ನಮಗೆ ಪಗಾರ.
ರಿಜಿಸ್ಟರಿನಲ್ಲಿ ಎಲ್ಲ ಬರೆದಿದ್ದೇನೆ:
ಸುರಿದ ತಾಸು, ಗಾಳಿಯ ತಾಪ, ಗೋಣಿಚೀಲಕ್ಕೆ ನೀರು ಹಾಕಿದ ದಿನಗಳು,
ಕ್ಯೂಬು ಒಡೆದ ಬಲ.
ಇದೊಂದು ಬರೆದಿಲ್ಲ:
ಏಳನೇ ಕಂಬ ದಾಟಿ ನಾಲ್ಕು ಹೆಜ್ಜೆಗೆ,
ಜೋಡಿ ಗುಳಿ,
ಅರ್ಧ ಬೆರಳಿನ ಆಳ.