ಗ್ರೇಡ್ ಎರಡು

ಗಂಗಾವತಿಯ ಈ ಗಿರಣಿಯಲ್ಲಿ
ಇಪ್ಪತ್ತಾರು ವರ್ಷ ಅಕ್ಕಿ ನೋಡಿದ್ದೇನೆ.
ನೋಡುವುದೆಂದರೆ ಬರೀ ಕಣ್ಣಲ್ಲ:
ಮೂತಿ ಚೂಪಾದ ಕೊಳವೆ ಚೀಲದ ಪಕ್ಕೆಗೆ ಚುಚ್ಚಿ
ಜಾರಿಬಂದದ್ದನ್ನು ಅಂಗೈಗೆ ಸುರುವಿಕೊಂಡು
ನಾಲ್ಕು ಕಾಳು ಮುಂದಿನ ಹಲ್ಲಿಗೆ ಕೊಟ್ಟು ಕಟಕ್ಕೆನಿಸಿದರೆ
ತೇವ ಎಷ್ಟು, ನುಚ್ಚು ಎಷ್ಟು,
ಯಾವ ಕಾಲುವೆಯ ನೀರು ಕುಡಿದದ್ದು, ಹೇಳುತ್ತೇನೆ.
ಮೀಟರು ತಂದ ಮೇಲೂ
ಮೀಟರು ತಪ್ಪಿದಾಗ ಸಾವ್ಕಾರರು ನನ್ನನ್ನೇ ಕೂಗುತ್ತಾರೆ.

ಹೋದ ಶ್ರಾವಣದಲ್ಲಿ
ಡಾಕ್ಟರಮ್ಮ ನನ್ನ ಹೊಟ್ಟೆಗೆ ತಣ್ಣನೆ ಲೋಳೆ ಬಳಿದು
ಚೀಲ ಚುಚ್ಚದೆಯೇ ಒಳಗಿನ ಮಾಲು ನೋಡಿದರು.
"ಯಮನೂರಪ್ಪಾರೆ, ಲಿವರಿನೊಳಗ ಕೊಬ್ಬು ಕುಂತದ.
ಗ್ರೇಡ್ ಎರಡು."
ನನಗೆ ನಗು ಬಂತು.
ಊರ ಅಕ್ಕಿಗೆಲ್ಲ ಗ್ರೇಡು ಕೊಟ್ಟವನಿಗೆ
ಯಾರೋ ಮೊದಲ ಸಲ ಗ್ರೇಡು ಕೊಟ್ಟಿದ್ದರು,
ಅದೂ ಎರಡನೆಯದು.

"ನಾ ಕುಡಿಯೂದಿಲ್ರೀ, ಒಂದು ಹನಿ ಮುಟ್ಟಿಲ್ಲ."
"ಕುಡೀಲಾರದವರಿಗೂ ಬರ್ತದ. ಏನು ಉಣ್ತೀರಿ?"
ಅನ್ನ, ಅಂದೆ.
"ಮತ್ತ?"
ಮತ್ತೆ ಅನ್ನ.
ಮುಂಜಾನೆ ಮಂಡಾಳ ಒಗ್ಗರಣಿ, ಎರಡು ಮಿರ್ಚಿ,
ಹತ್ತಕ್ಕೊಂದು ಚಾ, ಹನ್ನೊಂದಕ್ಕೊಂದು, ಸಕ್ಕರೆ ಮುಂದ ಮಾಡಿ,
ಮಧ್ಯಾಹ್ನ ಡಬ್ಬಿ ತುಂಬ ಅನ್ನ,
ರಾತ್ರಿ ಮಜ್ಜಿಗೆಗೂ ಅನ್ನ ಬೇಕು.
ಆಕೆ ಬರೆದುಕೊಳ್ಳುವುದನ್ನು ನಿಲ್ಲಿಸಿ
ಅಷ್ಟರ ಮೇಲೂ ಒಂದು ಗೆರೆ ಎಳೆದರು.

ಹಮಾಲರ ಕಟ್ಟೆಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.
ತಿಪ್ಪಣ್ಣ ಕಿವಿಗೆ ಬಾಯಿಟ್ಟ:
"ಕದ್ದು ಕುಡೀತಿದ್ದಿ ಹೌದಿಲ್ಲೋ?
ನಮ್ಮನ್ನ ಕರೀಬಾರದಿತ್ತೇನು?"

ಹುಲಿಗೆಮ್ಮ ಚೀಟಿ ಓದಿಸಿಕೊಂಡಳು.
ಅನ್ನಕ್ಕೆ ಹೂಂ ಅಂದಳು, ಸಕ್ಕರೆಗೆ ಹೂಂ ಅಂದಳು,
ರೊಟ್ಟಿಗೆ ಬಂದಾಗ ಸೆರಗು ಸಿಗಿಸಿ ಎದ್ದಳು:
"ರೊಟ್ಟಿ ಏನು ಮಾಡ್ಯದ ಆಕೀಗೆ?"
ಹೊತ್ತಿಗೆ ಅರ್ಧ, ಎಂದಿದೆ.
"ಅರ್ಧ ರೊಟ್ಟಿ ಬಡಿಯಾಕ ಬರ್ತದೇನು?
ದುಂಡಗಾಗದಿದ್ರ ಅದು ರೊಟ್ಟಿನ ಅಲ್ಲ."

ಈಗ ತಾಟಿನಲ್ಲಿ ಪುಂಡಿಪಲ್ಯ ಗುಡ್ಡದಷ್ಟು,
ಮೊಳಕೆ ಬಂದ ಹೆಸರು, ಎರಡು ತತ್ತಿ,
ಸವತೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.
ನಡುವೆ ಅಂಗೈಯಗಲದ ಒಂದು ರೊಟ್ಟಿ,
ದುಂಡಗೆ.
ಮಗಳು ಸಣ್ಣಾಕಿದ್ದಾಗ ಒಲೆಯ ಮುಂದೆ ಹಟ ಹಿಡಿದರೆ
ಕಡೆಯ ಹಿಟ್ಟು ಬಳಿದು ಬಡಿದುಕೊಡುತ್ತಿದ್ದ
ಕೂಸಿನ ರೊಟ್ಟಿ.
ಐವತ್ತೆರಡಕ್ಕೆ ನನ್ನ ಪಾಲಿಗೆ ಬಂತು.

ಮೊದಲ ವಾರ ಹಸಿವಲ್ಲ, ಕಳಕೊಂಡವನ ತಡಕಾಟ.
ಹೊಟ್ಟೆ ತುಂಬಿದೆ, ಊಟ ಆಗಿಲ್ಲ.
ಪಾಲಿಶಿನಿಂದ ಹೊಸ ಅಕ್ಕಿ ಬೆಚ್ಚಗೆ ಇಳಿವಾಗ
ಆ ಹಸಿಹಾಲಿನ ವಾಸನೆ
ಅಂಗಿಯೊಳಗೆ ಬಂದು ಕೂಡುತ್ತದೆ.
ಕಾಳು ಕಡಿಯುವುದು ಬಿಡಲಾದೀತೆ? ಅದು ಕೆಲಸ.
ಕೇಳಿದರೆ ಡಾಕ್ಟರಮ್ಮ ನಕ್ಕರು:
"ಕಡೀರಿ, ಉಗುಳ್ರಿ."
ದಿನಕ್ಕೆ ನೂರು ಚೀಲ, ನಾನೂರು ಕಾಳು ಉಗುಳುತ್ತೇನೆ.
ಒಂದೊಂದು ದಿನ
ಲೆಕ್ಕ ತಪ್ಪುತ್ತದೆ.

ತೂಕ ಆರು ಕಿಲೋ ಇಳಿದಿದೆ.
"ಪಾಲಿಶ್ ಹೊಡದಂಗ ಆಗೀಯಲೋ" ಅಂತಾರೆ ಸಾವ್ಕಾರರು.
ಒಳಗಿನದು ಯುಗಾದಿ ಮುಗಿದ ಮೇಲೆ ಗೊತ್ತಾಗಬೇಕು.

ನಿನ್ನೆ ರಾತ್ರಿ ನೀರು ಕುಡಿಯಲೆದ್ದೆ.
ಹಿತ್ತಲ ಬಾಗಿಲ ಹತ್ತಿರ, ನನ್ನತ್ತ ಬೆನ್ನು ಮಾಡಿ,
ಹುಲಿಗೆಮ್ಮ ಅನ್ನ ಉಣ್ಣುತ್ತಿದ್ದಳು
ಸಪ್ಪಳಾಗದಂತೆ, ಬಳೆ ಮೊಣಕೈವರೆಗೆ ಏರಿಸಿಕೊಂಡು.
ಏಳು ತಿಂಗಳಿಂದ ಹೀಗೇ ಇರಬೇಕು.
ಮನೆಯ ಚೀಲ ಇಳಿಯುತ್ತಿತ್ತು;
ಚೀಲ ನೋಡುವವ ನಾನು, ನೋಡಿರಲಿಲ್ಲ.
ಹೆಜ್ಜೆ ಕೇಳಿ ತಾಟಿನ ಮೇಲೆ ಸೆರಗೆಳೆದಳು,
ಕದ್ದವಳ ಹಾಗೆ.

ಎದುರಿಗೆ ಕುಳಿತು ಸೆರಗು ಸರಿಸಿದೆ.
ಒಂದಗುಳು ಎತ್ತಿ, ಎರಡು ಬೆರಳ ನಡುವೆ ಒತ್ತಿ,
ಬೆಳಕಿಗೆ ಹಿಡಿದು ಹೇಳಿದೆ:
"ಎರಡು ವರ್ಷದ ಹಳೇದು. ಸೋನಾ. ನುಚ್ಚು ಕಡಿಮಿ.
ಛಲೋ ಮಾಲು.
ನಾಳಿಂದ ನನ್ನ ಎದುರಿಗೇ ಉಣ್ಣು,
ನೋಡೂದು ನನ್ನ ಕೆಲಸ."

ಆ ಅಗುಳನ್ನು ಅವಳ ತಾಟಿಗೇ ಇಟ್ಟೆ.
ಬಳೆಗಳು ಸಪ್ಪಳ ಮಾಡುತ್ತ
ಕೆಳಗಿಳಿದವು.