ಬಂಡೆಯ ಮೇಲಿನ ದಾಯಾದಿ

ಹತ್ತೊಂಬತ್ತು ವರ್ಷ
ಗುಡಿಬಂಡೆಯ ಕಾಲೇಜಿನ ಕಪ್ಪು ಹಲಗೆಯ ಮೇಲೆ
ಅದೇ ಚಿತ್ರ ಬರೆದಿದ್ದೇನೆ:
ಎರಡು ಅಂಗೈ, ನಡುವೆ ಕೀಲು,
ಅಂಚಿಗೆ ರೆಪ್ಪೆಗೂದಲು.
ವೀನಸ್ ನೊಣಹಿಡುಕ. ನಾಲ್ಕು ಅಂಕ.
ಕಂಡವಳಲ್ಲ ನಾನು. ಪಠ್ಯಕ್ಕೆ ಚಿತ್ರ ಬರೆದವನೂ ಕಂಡಿರಲಾರ,
ರೆಪ್ಪೆಗಳನ್ನೆಲ್ಲ ಸ್ಕೇಲು ಹಿಡಿದು ಎಳೆದಿದ್ದ.

ಒಳಗೆ ಅತ್ತ ಮೂರು ಇತ್ತ ಮೂರು ಮುಳ್ಳುಕೂದಲು, ಎನ್ನುತ್ತಿದ್ದೆ,
ಒಮ್ಮೆ ತಾಕಿದರೆ ಅದು ಸುಮ್ಮನಿರುತ್ತದೆ.
ಮಳೆಹನಿ ಇರಬಹುದು. ಗಾಳಿ ಇರಬಹುದು.
ಇಪ್ಪತ್ತು ಎಣಿಸುವುದರೊಳಗೆ ಇನ್ನೊಮ್ಮೆ ತಾಕಿತೋ
ಟಪ್!
ಮೇಜು ಬಡಿಯುತ್ತಿದ್ದೆ. ಹಿಂದಿನ ಬೆಂಚು ಎಚ್ಚರಾಗುತ್ತಿತ್ತು.
ಆಮೇಲೂ ಅದರ ಎಣಿಕೆ ನಿಲ್ಲುವುದಿಲ್ಲ,
ಒಳಗಿನದು ಒದ್ದಾಡಬೇಕು, ಮೂರು, ನಾಲ್ಕು, ಐದು,
ಆಗ ರಸ ಸುರಿಯುತ್ತದೆ.
ಕಡ್ಡಿ ತುರುಕಿ ಮೋಸ ಮಾಡಿದರೆ
ಒಂದು ದಿನ ಕಾದು, ಬಾಯಿ ಬಿಟ್ಟು, ಮತ್ತೆ ಕೂರುತ್ತದೆ.

ಎಲ್ಲಿರ್ತದೆ ಮಿಸ್?
ಅಮೆರಿಕದ ಮೂಡಣ ಕರಾವಳಿ, ಕೆರೊಲಿನಾ.
ಪೈನ್ ಮರಗಳ ನಡುವೆ ಜೌಗು ಮರಳು,
ಆಗಾಗ ಬೆಂಕಿ ಬಿದ್ದು ಪೊದೆ ಸುಟ್ಟರೇ ಅದಕ್ಕೆ ಬಿಸಿಲು.
ಲೋಕದಲ್ಲೆಲ್ಲ ಅದೊಂದೇ ತವರು.
ಅಲ್ಲಿಗೆ ಗಂಟೆ ಹೊಡೆಯುತ್ತಿತ್ತು.

ಲ್ಯಾಬಿನ ಗಂಗುಲಪ್ಪ ಕಪ್ಪೆಯ ಜಾಡಿ ಒರೆಸುತ್ತ
ಒಂದು ದಿನ, ಏನೋ ನೆನಪಾದವನಂತೆ:
"ನಮ್ದು ಬಾಯಿ ಮುಚ್ಚಲ್ಲ ಮೇಡಮ್. ಆದ್ರೆ ತಿಂತದೆ.
ಬಂಡೆ ಮೇಲೇ ಐತೆ. ಕುರಿ ಕಾಯೋವಾಗ
ಹಣೆಗೆ ಅಂಟಿಸ್ಕೊಂಡು ಕುಂಕುಮ ಅಂತ ಆಡ್ತಿದ್ವಿ."

ಕಾರ್ತಿಕದ ಭಾನುವಾರ, ಕೆರೆ ಕೋಡಿಯಾಚೆ,
ಹೆಸರಿಲ್ಲದ ಗುಂಡಿನ ಬೆನ್ನು ಹತ್ತಿದೆವು.
ಮೊಣಕಾಲೂರಿ, ಎಂದ. ಊರಿದೆ.
ಸಂದಿನಿಂದ ಜಿನುಗು ನೀರು,
ಬೆರಳ ದಪ್ಪ ಮರಳು, ಹಾವಸೆ,
ಅದರಲ್ಲಿ ಎಂಟಾಣೆಯಗಲ ಕೆಂಪು.
ಎಲೆತುಂಬ ಕೂದಲು, ಕೂದಲಿಗೊಂದು ಹನಿ,
ಹತ್ತೂವರೆಯ ಬಿಸಿಲಿಗೂ ಆರದ ಇಬ್ಬನಿ.
ಬೆರಳಿಟ್ಟೆ, ನೂಲು ಬಂತು, ಹಲಸಿನ ಮೇಣದ ಹಾಗೆ.
ಗುಂಗುರೊಂದು ಕೂತಿತು, ಏಳಲಿಲ್ಲ.
ಪಕ್ಕದ ಕೂದಲು ಬಾಗಿತು, ಅದರ ಪಕ್ಕದ್ದು,
ಸಾವಿನ ಮನೆಗೆ ಬಂದವರು
ಒಬ್ಬೊಬ್ಬರೇ ಬಗ್ಗಿ ಮುಖ ನೋಡುವಂತೆ.

ಕೆರೊಲಿನಾದ್ದೂ ಇದೂ ದಾಯಾದಿಗಳು ಕಣಯ್ಯ, ಎಂದೆ.
"ಆಸ್ತಿ ಎಷ್ಟು?"
ಏನೂ ಇಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ.
ಸಾರಜನಕವಿಲ್ಲದ ಮರಳು ಇಬ್ಬರದೂ,
ಮಣ್ಣು ಬಡಿಸದ್ದನ್ನು ಗಾಳಿಯಿಂದ ಕಸಿಯಬೇಕು.
ನಡುವಿನಿಂದ ಅರ್ಧ ಗೇಣು ದಂಟು ಎದ್ದಿತ್ತು,
ತುದಿಗೆ ಬಿಳಿ ಹೂ, ಅಂಟಿಗೆ ಎಟುಕದಷ್ಟು ಮೇಲೆ.
ಗಂಗುಲಪ್ಪ ನಕ್ಕ: "ನೆಂಟರಿಗೆ ಮಹಡಿ. ಅಡಿಗೆ ಕೆಳಗೆ."

ಒಂದನ್ನು ಕಿತ್ತು ತಂದೆ. ಅದು ನನ್ನ ತಪ್ಪು.
ತೆಂಗಿನ ಚಿಪ್ಪು, ಕೆರೆಯ ಗೋಡು, ಹಿಡಿ ಎರೆಗೊಬ್ಬರ,
ಬೆಳಿಗ್ಗೆ ಸಂಜೆ ಬೋರ್‌ವೆಲ್ ನೀರು.
ಹಂಡೆಯ ಒಳಗೇ ಸುಣ್ಣ ಬಳಿಯುವ ನೀರದು,
ಪಾಠ ಮಾಡುವವಳಿಗೆ ಹೊಳೆಯಲಿಲ್ಲ.
ಮೂರನೇ ದಿನ ಹನಿ ಆರಿತು. ಆರನೇ ದಿನ ಕಪ್ಪು.
ಉಣ್ಣಿಸಿ ಕೊಂದೆ.
ಗಂಗುಲಪ್ಪ ಚಿಪ್ಪು ನೋಡಿದ,
ಮಾತಿಲ್ಲದೆ ತೊಳೆದು ಬೋರಲು ಹಾಕಿದ.

ಬೇಸಗೆಗೆ ಬಂಡೆಯ ಮೇಲೂ ಇರಲಿಲ್ಲ ಅವು.
ಹಾವಸೆ ಹಪ್ಪಳವಾಗಿ ಎದ್ದಿತ್ತು.
"ಬೀಜ ಐತೆ. ನಶ್ಯದಷ್ಟು ಸಣ್ಣ.
ಉಸಿರು ಬಿಡಬೇಡಿ ಅಷ್ಟು ಹತ್ತಿರ."

ಈ ವರ್ಷ ಅಂಗೈಗಳ ಪಕ್ಕದಲ್ಲೊಂದು
ಎಂಟಾಣೆ ಸುತ್ತು ಬರೆದೆ, ಸುತ್ತ ಚುಕ್ಕೆ ಚುಕ್ಕೆ.
ಕೆಂಪು ಸೀಮೆಸುಣ್ಣ ಮುಗಿದಿತ್ತು.
ಇದಕ್ಕೆಷ್ಟು ಅಂಕ ಮಿಸ್? ಇಲ್ಲ, ಎಂದೆ.
ಪೆನ್ನುಗಳು ಕೆಳಗಿಳಿದವು.
ಹಿಂದಿನ ಬೆಂಚಿನಿಂದ ಮುಬೀನಾ,
"ಎಲ್ಲಿರ್ತದೆ ಮಿಸ್?"
ಉತ್ತರಿಸಲಿಲ್ಲ. ಗಾಳಿ ಇರಬಹುದು.
ಡಸ್ಟರ್ ಹಿಡಿದು, ಬೆನ್ನು ತಿರುಗಿಸಿ,
ಎಣಿಸುತ್ತ ನಿಂತೆ.